ಮಾಯಾ ಜನರಿಗೆ ಯುದ್ಧವೇ ಗೊತ್ತಿರಲಿಲ್ಲವೇ? ಬೆಕಾನ್ ಕಂದಕ ಹೇಳುವುದೇನು?

'ಮಾಯಾ ಜನ ಯುದ್ಧವನ್ನೇ ಅರಿಯದ ಶಾಂತಿಪ್ರಿಯರು, ಒಂದು ದಿನ ನಿಗೂಢವಾಗಿ ಮಾಯವಾದರು' ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ನಾವು ಪರಿಶೀಲಿಸಿದಾಗ ಎರಡೂ ಮಾತು ನಿಜವಲ್ಲ ಎಂದು ತಿಳಿಯಿತು.

ಮೆಕ್ಸಿಕೋದ ಕಾಂಪೆಚೆ ರಾಜ್ಯದ ಬೆಕಾನ್ ನಗರವನ್ನು ಪುರಾತತ್ವಜ್ಞರು 1934ರಲ್ಲಿ ಗುರುತಿಸಿದರು. ಅದರ ಸುತ್ತ ಸುಮಾರು 1.9 ಕಿ.ಮೀ. ಉದ್ದದ ಕಂದಕವಿದೆ. ಅಗೆದ ಕಲ್ಲುಮಣ್ಣನ್ನು ಒಳಬದಿಗೆ ಪೇರಿಸಿ ದಿಬ್ಬ ಕಟ್ಟಿದ್ದಾರೆ. ಒಳಹೋಗಲು ಕಿರಿದಾದ ಏಳು ದಾರಿಗಳಷ್ಟೇ. ಶತ್ರುವಿನ ಭಯವಿಲ್ಲದವರು ಇಷ್ಟು ದುಡಿಯುತ್ತಿರಲಿಲ್ಲ. 20ನೇ ಶತಮಾನದ ಮಧ್ಯದವರೆಗೆ ಹಲವು ವಿದ್ವಾಂಸರೂ ಮಾಯಾ ಜನರನ್ನು ಶಾಂತಿಪ್ರಿಯರೆಂದೇ ನಂಬಿದ್ದರು. ಇಂಥ ಕೋಟೆಗಳು, ಓದಲು ಸಾಧ್ಯವಾದ ಶಾಸನಗಳು ಆ ನಂಬಿಕೆಯನ್ನು ಬದಲಿಸಿದವು.

ಇನ್ನು 'ಮಾಯವಾದ' ಮಾತು. ಪಾಳುಬಿದ್ದದ್ದು ನಗರಗಳು, ಜನರಲ್ಲ. ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ಲಕ್ಷಾಂತರ ಮಂದಿ ಇಂದಿಗೂ ಮಾಯಾ ಭಾಷೆಗಳನ್ನಾಡುತ್ತಾರೆ. ಬದುಕಿರುವವರನ್ನು ಇಲ್ಲವಾಗಿಸುವ ಸಂದೇಶವನ್ನು ನಾವು ಮುಂದಕ್ಕೆ ಕಳಿಸದಿರೋಣ.