ಫೋಟೋದ ಹಿಂಬದಿ

ಫೋಂಡಾದ ನಮ್ಮ ಕನ್ನಡ ಮನೆಗಳಲ್ಲಿ ಈಗ ಹಳೆಯ ಆಲ್ಬಮ್‌ಗಳನ್ನು ಮೊಬೈಲಿಗೆ ಇಳಿಸುವ ಭರಾಟೆ. ಇಳಿಸಿದ ಮೇಲೆ ಆಲ್ಬಮ್ ರದ್ದಿಗೆ, ನೆಗೆಟಿವ್ ಕಸಕ್ಕೆ. ಇದು ಬುದ್ಧಿವಂತಿಕೆಯಲ್ಲ, ಶುದ್ಧ ಅವಿವೇಕ. ಒಂದು ರೋಲಿಗೆ 36 ಚಿತ್ರ. ಧಾರೆಗೆ ಇಷ್ಟು, ಅಜ್ಜಿಗೊಂದು, ಮಂಗೇಶಿಯ ಏಳಂತಸ್ತಿನ ದೀಪಸ್ತಂಭದೆದುರು ನೆಂಟರೆಲ್ಲ ಸೇರಿ ಒಂದು ಎಂದು ಎಣಿಸಿ ತೆಗೆಸಿದವು ಅವು. ಹಿಂಬದಿಯಲ್ಲಿ ಹಿರಿಯರು ಕನ್ನಡದಲ್ಲಿ ಹೆಸರು, ಊರು, ಇಸವಿ ಬರೆದರು. ಮೊಬೈಲಿಗೆ ಇಳಿಯುವುದು ಮುಖ ಮಾತ್ರ! ಮರಾಠಿ, ಇಂಗ್ಲಿಷ್ ಕಲಿತ ಮಕ್ಕಳಿಗೆ ಆ ಬರಹ ಓದಲು ಬಾರದು, ನಿಜ. ಅದಕ್ಕೇ ಎಸೆಯುವುದೇ? ಕಾಸರಗೋಡಿನ ಬಂಧುಗಳೇ, ನಿಮ್ಮ ಮನೆಯ ಕಥೆಯೂ ಬೇರೆಯಲ್ಲ. 1956ರಲ್ಲಿ ಗಡಿ ಎಳೆದವರನ್ನು ಇಂದಿಗೂ ದೂರುತ್ತೇವೆ. ಈ ಆಲ್ಬಮ್ ಎಸೆಯುವವರು ಯಾರು? ಬರುವ ರಜೆಯಲ್ಲಿ ದೊಡ್ಡಮ್ಮನನ್ನು ಕೂರಿಸಿ ಹಿಂಬದಿಗಳನ್ನು ಓದಿಸಿರಿ. ನೆಗೆಟಿವ್‌ಗಳನ್ನು ಒಣ ಡಬ್ಬಿಯಲ್ಲಿಡಿ. ಅವುಗಳಿಂದ ಇನ್ನೂ ಹೊಸ ಪ್ರತಿ ತೆಗೆಯಬಹುದು.