ಚೈನ್ ತೊಳೆಯೋ ಮುಂಚೆ ಕೀ ತೆಗೀರಿ ಮಾರಾಯ್ರೆ

ಹಳೇ ಯೆಜ್ಡಿ ಇಟ್ಕೊಂಡವರೆಲ್ಲ ಮುಕ್ಕಾಲು ಮೆಕ್ಯಾನಿಕ್ಕು ಅನ್ನೋದು ನನ್ನ ವಾದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಅಪ್ಪನ ಗಾಡಿ ಓಡಿದ್ದು ಇಂಥವರ ಬಾಯಿಮಾತಿನ ಸಲಹೆಯಿಂದ್ಲೇ. ಪ್ಲಗ್ ಒದ್ದೆಯಾಗಿದ್ಯಾ? ಒರೆಸು, ಪಾಯಿಂಟ್ ಗ್ಯಾಪ್ ನೋಡು.. ಹೀಗೆ. ಎಷ್ಟೋ ಸಲ ಗ್ಯಾರೇಜಿನ ದುಡ್ಡು ಉಳಿದಿದೆ.

ಆದ್ರೆ ಒಂದು ಸಲಹೆ ಕೇಳಿದ್ರೆ ಮಾತ್ರ ಮೈ ಉರಿಯುತ್ತೆ. "ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಫಸ್ಟ್ ಗೇರಲ್ಲಿ ಬಿಟ್ಟು ಚೈನಿಗೆ ಬಟ್ಟೆ ಹಿಡಿ. ಎರಡೇ ನಿಮಿಷ!" ಯೆಜ್ಡಿ ಚೈನಿಗೆ ಪೂರ್ತಿ ಕವರ್ ಇತ್ತು, ಬಚಾವ್. ನನ್ನ ಈಗಿನ ಗಾಡಿಗೆ ಅದಿಲ್ಲ. ಹೋದ ಭಾನುವಾರ ನಾನೂ ಹಾಗೇ ಮಾಡಿದೆ. ಬಟ್ಟೆಯ ಅಂಚು ಸ್ಪ್ರಾಕೆಟ್ಟಿಗೆ ಸಿಕ್ಕಿ ಕೈಯನ್ನೂ ಎಳೀತು. ಬೆರಳು ಉಳೀತು, ಉಗುರು ಹೋಯ್ತು. ಹೀಗೆ ಬೆರಳೇ ಕಳಕೊಂಡವರೂ ಇದಾರೆ.

ಇಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ, ಕೀ ಜೇಬಿಗಿಳಿಸಿ. ಒಂದಷ್ಟು ಚೈನ್ ಉಜ್ಜಿ, ಕೈ ತೆಗೆದು, ಚಕ್ರ ತಿರುಗಿಸಿ, ಮತ್ತೆ ಉಜ್ಜಿ. ಹತ್ತು ನಿಮಿಷ ಜಾಸ್ತಿ ಆಗುತ್ತೆ, ಆಗ್ಲಿ ಬಿಡಿ. ಸಲಹೆ ಕೊಡೋರು ಇದನ್ನೂ ಸೇರಿಸಿ ಹೇಳ್ಬೇಕು ತಾನೆ?

ಅಂದಹಾಗೆ, ಇದನ್ನ ಎಡಗೈ ಒಂದರಲ್ಲೇ ಕುಟ್ಟಿದ್ದು. ಕಾಗುಣಿತ ತಪ್ಪಿದ್ರೆ ಬೈಬೇಡಿ :-)