ಸೂಳೆಕೆರೆಯ ಹಿರಿಮೆ ಯಾರ ಖಾತೆಗೆ?

ದಾವಣಗೆರೆಯ ಮಂಡಿಪೇಟೆಯ ಅಂಗಡಿಕಟ್ಟೆಗಳಲ್ಲಿ, ಹೋಟೆಲುಗಳಲ್ಲಿ, ಮದುವೆಮನೆಯ ಚಪ್ಪರಗಳಲ್ಲಿ ಈಗ ಒಂದು ಮಾತು ಧಾರಾಳವಾಗಿ ಓಡಾಡುತ್ತಿದೆ. ಈ ದೇಶದಲ್ಲಿ ದೊಡ್ಡದೇನಾದರೂ ಆಗಿದ್ದರೆ ಅದು ಖಾಸಗಿ ಉದ್ಯಮಿಗಳಿಂದ ಆಗಿದೆ. ಸರಕಾರ ಕೈಹಾಕಿದ್ದೆಲ್ಲ ಹಾಳಾಗಿದೆ. ಆದ್ದರಿಂದ ಉಳಿದಿರುವುದನ್ನೂ ಉದ್ಯಮಿಗಳ ಕೈಗೆ ಕೊಟ್ಟುಬಿಡುವುದೇ ಲೇಸು ಎಂಬುದು ಆ ಮಾತು. ಇದಕ್ಕೆ ಎದುರಾದ ಇನ್ನೊಂದು ಮಾತೂ ಇದೆ. ಅದು ವೇದಿಕೆಯ ಮೇಲಿನಿಂದ ಇಳಿದು ಬರುತ್ತದೆ. ಕಾಲುವೆ ತಂದವರು ನಾವು, ದೀಪ ಹಚ್ಚಿಸಿದವರು ನಾವು, ಶಂಕುಸ್ಥಾಪನೆಯ ಕಲ್ಲಿನ ಮೇಲೆ ನಮ್ಮ ಹೆಸರಿದೆ ಓದಿಕೊಳ್ಳಿರಿ ಎಂದು ಮಂತ್ರಿ ಮಹಾಶಯರು ಹೇಳುತ್ತಾರೆ.

ಈ ಜಗಳ ನಮಗೇಕೆ, ಹೊಗಳಿಕೆಯಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ದುಡಿಯುವ ಗೆಳೆಯರು ಕೇಳಬಹುದು. ಮಾತು ಹೊಗಳಿಕೆಯಲ್ಲಿಯೇ ನಿಂತಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಆದರೆ ಕಟ್ಟಿದವರು ಯಾರೆಂದು ಒಪ್ಪಿದ ಮರುದಿನವೇ ಖಾತೆ ಯಾರ ಹೆಸರಿಗೆ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ‘ಇದನ್ನೆಲ್ಲ ಮಾಡಿದವರು ಧಣಿಗಳೇ’ ಎಂದು ಇಂದು ತಲೆದೂಗಿದವನು, ನಾಳೆ ಕಾರಖಾನೆ, ಬ್ಯಾಂಕು, ನೀರು, ಬೆಳಕು ಧಣಿಗಳ ಪಾಲಾಗುವಾಗ ಯಾವ ಬಾಯಿಂದ ಬೇಡವೆನ್ನುತ್ತಾನೆ? ಆದ್ದರಿಂದ ಲೆಕ್ಕ ನೋಡಲೇಬೇಕು. ನಮ್ಮ ಜಿಲ್ಲೆಯಲ್ಲಿ ಸೂಳೆಕೆರೆಗಿಂತ ದೊಡ್ಡ ಲೆಕ್ಕದ ಪುಸ್ತಕ ಇನ್ನೊಂದಿಲ್ಲ. ಅದನ್ನೇ ಮೊದಲು ತೆರೆಯೋಣ.

ಚನ್ನಗಿರಿ ತಾಲೂಕಿನ ಈ ಕೆರೆಯನ್ನು ಓದುಗರಲ್ಲಿ ಬಹುಮಂದಿ ಕಂಡಿದ್ದಾರೆ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ಹಾದುಹೋಗುವ ಕಡೆ ಏರಿ ಹಾಕಿ ನಿಲ್ಲಿಸಿದ ನೀರು ಅದು. ಏರಿ ಉದ್ದದಲ್ಲಿ ಹೆಚ್ಚಿನದೇನಲ್ಲ. ಅದರ ಅಗಲ ಮತ್ತು ಎತ್ತರ ನೋಡಬೇಕು. ತುಂಬಿದಾಗ ನೀರು 6,500 ಎಕರೆಗೂ ಮಿಕ್ಕಿ ಹರಡುತ್ತದೆ. ಸುತ್ತಳತೆ ಸುಮಾರು 30 ಮೈಲಿ. ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಹೊಳೆ ಮುಂದೆ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹಿರಿಯೂರಿನ ಬಳಿ ಮೈಸೂರು ಸಂಸ್ಥಾನ 1907ರಲ್ಲಿ ಮಾರಿಕಣಿವೆಯ ಅಣೆಕಟ್ಟನ್ನು ಮುಗಿಸುವ ತನಕ ಇಡೀ ಸಂಸ್ಥಾನದಲ್ಲಿ ಮನುಷ್ಯರು ಕಟ್ಟಿದ ಜಲಾಶಯಗಳಲ್ಲಿ ಇದೇ ದೊಡ್ಡದು. 11-12ನೆಯ ಶತಮಾನದ ಸುಮಾರಿಗೆ ಹಾಕಿದ ಆ ಏರಿ ಇನ್ನೂ ನಿಂತಿದೆ. ಚಿತ್ರದುರ್ಗದ ಜನ ನಲ್ಲಿ ತಿರುಗಿಸಿದರೆ ಈ ಕೆರೆಯ ನೀರು ಬರುತ್ತದೆ. ಸಿಮೆಂಟು ಕಾಣದ ಕಾಲದ ಕೆಲಸ ಇದು ಎಂಬುದನ್ನು, ಐದು ವರ್ಷಕ್ಕೆ ಬಿರುಕು ಬಿಡುವ ಸೇತುವೆಗಳನ್ನು ಕಟ್ಟುತ್ತಿರುವ ನಮ್ಮ ಗುತ್ತಿಗೆದಾರರು ಒಮ್ಮೆ ಹೋಗಿ ನೋಡಿ ಬರಬೇಕು.

ಕಟ್ಟಿಸಿದವರಾರು? ಸ್ವರ್ಗಾವತಿ ಎಂಬ ಪಟ್ಟಣದ ದೊರೆಯ ಮಗಳು ಶಾಂತವ್ವ ಎಂದು ಐತಿಹ್ಯ ಹೇಳುತ್ತದೆ. ಐತಿಹ್ಯದಲ್ಲಿ ಪಾಠಭೇದಗಳಿವೆ. ನಮ್ಮ ಕಡೆಯ ಜನ ಹೆಚ್ಚಾಗಿ ಹೇಳುವುದು ಹೀಗೆ: ಕೆರೆಗೆ ತಕ್ಕ ಜಾಗ ಸೂಳೆಯರ ಕೇರಿಗೆ ಸೇರಿತ್ತು. ಶಾಂತವ್ವ ಹೋಗಿ ಕೇಳಿದಳು. ಆ ಹೆಣ್ಣುಮಕ್ಕಳು ಜಾಗ ಬಿಟ್ಟುಕೊಡಲು ಒಪ್ಪಿದರು. ಹೊನ್ನು ಕೇಳಲಿಲ್ಲ, ಕೆರೆಗೆ ತಮ್ಮ ಹೆಸರು ಇರಲಿ ಎಂದು ಮಾತ್ರ ಕೇಳಿದರು. ಇತಿಹಾಸಕಾರರು ಇದನ್ನು ಒಪ್ಪಲಿ, ಬಿಡಲಿ. ಹಿರಿಮೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಈ ನೆಲದ ಜನಕ್ಕೆ ಹೊಸದಲ್ಲ ಎಂಬುದಂತೂ ಈ ಕಥೆಯಿಂದ ತಿಳಿಯುತ್ತದೆ. ದೊರೆಯ ಮಗಳು ಕಟ್ಟಿಸಿದರೂ ದೊರೆಯ ಹೆಸರು ಕೆರೆಗೆ ಬರಲಿಲ್ಲ. ಮನೆ ಕಳೆದುಕೊಂಡವರ ಹೆಸರು ಬಂತು. ಊರಿನ ಮರ್ಯಾದಸ್ಥರು ಬಾಯಲ್ಲಿ ಆಡಲು ನಾಚುವ ಹೆಸರನ್ನು ನಮ್ಮ ರೈತರು ಇಷ್ಟು ಶತಮಾನ ಬಿಡದೆ ಉಳಿಸಿಕೊಂಡು ಬಂದರು.

ಹಾಗಾದರೆ ಇದು ಖಾಸಗಿ ಕೆಲಸವೋ, ಸರಕಾರಿ ಕೆಲಸವೋ? ಹಳೆಯ ಶಾಸನಗಳನ್ನು ನೋಡಿದರೆ ನಮ್ಮ ನಾಡಿನ ಕೆರೆಗಳನ್ನು ಎಷ್ಟೋ ಕಡೆ ಗೌಡರು, ವರ್ತಕರು, ದಂಡನಾಯಕರು, ಹೆಂಗಸರು ತಮ್ಮ ಹಣದಿಂದ ಕಟ್ಟಿಸಿದ್ದಾರೆ. ಖಾಸಗಿ ಉದ್ಯಮದ ಮಿತ್ರರು ಇದನ್ನು ಕೇಳಿ ಹಿಗ್ಗಬಹುದು. ಆದರೆ ಅದೇ ಶಾಸನಗಳಲ್ಲಿ ಕಟ್ಟುಕೊಡಗೆ ಎಂಬ ಮಾತೂ ಇದೆ: ಕೆರೆ ಕಟ್ಟಿಸಿದವನಿಗೆ, ಕೆಟ್ಟ ಕೆರೆಯನ್ನು ತಿದ್ದಿಸಿದವನಿಗೆ ಅರಸೊತ್ತಿಗೆ ಕಂದಾಯವಿಲ್ಲದ ಭೂಮಿ ಬಿಟ್ಟುಕೊಡುತ್ತಿತ್ತು. ಬಿತ್ತುವಟ್ಟ ಎಂಬ ಮಾತಿದೆ: ಕೆರೆಯ ಕೆಳಗಿನ ಗದ್ದೆಯ ಫಲದಲ್ಲಿ ಒಂದು ಪಾಲನ್ನು ಕೆರೆಯ ದುರಸ್ತಿಗೆಂದು ಎತ್ತಿಡುತ್ತಿದ್ದರು. ಅಂದರೆ ಧನಿಕನು ಹಾಕಿದ ಹಣದ ಹಿಂದೆ ರಾಜ್ಯ ಬಿಟ್ಟುಕೊಟ್ಟ ಕಂದಾಯವಿತ್ತು. ಆ ಕಂದಾಯದ ಹಿಂದೆ ರೈತನ ದುಡಿಮೆಯಿತ್ತು. ಕಲ್ಲು ಒಡೆದವರು, ಮಣ್ಣು ಹೊತ್ತವರು, ಏರಿ ತುಳಿದವರು ನಾವು ಇಂದು ಭೋವಿಗಳೆಂದು ಕರೆಯುವ ವಡ್ಡರು. ತೂಬಿನ ಬಳಿ ರಾತ್ರಿ ಕಾದವನು ನೀರುಗಂಟಿ. ಇವರ ಹೆಸರು ಎಷ್ಟು ಶಾಸನದಲ್ಲಿದೆ ಎಂದು ಯಾರಾದರೂ ಎಣಿಸಿ ಹೇಳಲಿ. ‘ಕೆರೆಗೆ ಹಾರ’ ಎಂಬ ಜನಪದ ಗೀತೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅದರಲ್ಲಿ ಕೆರೆ ಕಟ್ಟಿಸಿದವನು ಗೌಡ, ಪ್ರಾಣ ಕೊಟ್ಟವಳು ಕಿರಿಯ ಸೊಸೆ.

ಈ ಲೆಕ್ಕವನ್ನೇ ನಮ್ಮ ಪಟ್ಟಣಕ್ಕೆ ಹಚ್ಚಿ ನೋಡೋಣ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಿತ್ತು. 1930ರ ದಶಕದಿಂದ ಇಲ್ಲಿ ಹತ್ತಿ ಗಿರಣಿಗಳನ್ನು ಎಬ್ಬಿಸಿದವರು ಖಾಸಗಿ ವರ್ತಕರೇ. ಅವರು ಧೈರ್ಯಸ್ಥರಾಗಿದ್ದರು, ಗಂಟು ಕಳೆದುಕೊಳ್ಳಲು ಸಿದ್ಧರಾಗಿಯೇ ಗಂಟು ಬಿಚ್ಚಿದರು ಎಂಬುದನ್ನು ನಾವು ಮನಸಾರೆ ಒಪ್ಪುತ್ತೇವೆ. ಹತ್ತಿ ತಂದು ನೂಲು ಒಯ್ದ ರೈಲು ಯಾರದು? ಮುಂದೆ ಜೋಗದಿಂದ ಬಂದ ವಿದ್ಯುತ್ತು ಯಾರದು? ಆ ವಿದ್ಯುತ್ತಿಗಾಗಿ ಶರಾವತಿಯ ಕಣಿವೆಯಲ್ಲಿ ಊರು ಬಿಟ್ಟವರು ಯಾರು? 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು. ಮುಳುಗಡೆಯ ಕುಟುಂಬಗಳಲ್ಲಿ ಎಷ್ಟೋ ಮಂದಿ ತಾವು ಕೂತ ನೆಲದ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಅವರ ಹೆಸರನ್ನು ಯಾವ ಉದ್ಯಮಿಯೂ ಹೇಳುವುದಿಲ್ಲ. ಮಂತ್ರಿಗಳು ಹೇಳುವುದು ಚುನಾವಣೆ ಬಂದಾಗ.

1990ರ ದಶಕ ಮುಗಿಯುವ ಹೊತ್ತಿಗೆ ಬಹುತೇಕ ಗಿರಣಿಗಳ ಬಾಗಿಲಿಗೆ ಬೀಗ ಬಿದ್ದಿತ್ತು. ಗಿರಣಿಯ ಹೆಸರು ಬಡಾವಣೆಯ ಹೆಸರಾಗಿ ಉಳಿಯಿತು. ತೋಳಹುಣಸೆಯ ಯಲ್ಲಮ್ಮ ಗಿರಣಿಯನ್ನು 1974ರಲ್ಲಿ, ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣದ ಕಾಯಿದೆಯಲ್ಲಿ, ಕೇಂದ್ರ ಸರಕಾರ ವಹಿಸಿಕೊಂಡಿತು. ಈ ‘ರೋಗಗ್ರಸ್ತ’ ಎಂಬ ಮಾತನ್ನು ಓದುಗರು ಗಮನಿಸಬೇಕು. ರೋಗ ಬಂದದ್ದು ಖಾಸಗಿಯವರ ಮನೆಯಲ್ಲಿ. ಹೆಣ ಹೊತ್ತದ್ದು ಸರಕಾರ. ಈಗ ‘ನೋಡಿರಿ, ಸರಕಾರದ ಕೈಯಲ್ಲಿ ಸತ್ತಿತು’ ಎಂದು ಅಳುವವರು ಮತ್ತೆ ಖಾಸಗಿಯವರೇ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಕೋಲಾರದ ಚಿನ್ನದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪೆನಿಯವರು ತೋಡಿದರು. ಅವರಿಗೆ ವಿದ್ಯುತ್ತು ಬೇಕಾದಾಗ ಮೈಸೂರು ಸಂಸ್ಥಾನವೇ ಶಿವನಸಮುದ್ರದಲ್ಲಿ ಕೇಂದ್ರ ಕಟ್ಟಿ 1902ರಲ್ಲಿ 92 ಮೈಲಿ ದೂರಕ್ಕೆ ತಂತಿ ಎಳೆದು ಕೊಟ್ಟಿತು. ಒಳ್ಳೆಯ ಅದಿರೆಲ್ಲ ಮೇಲೆ ಬಂದ ಬಳಿಕ, 1956ರಲ್ಲಿ, ಮೈಲಿಗಟ್ಟಲೆ ಆಳದ ಗಣಿ ಸರಕಾರದ ಪಾಲಿಗೆ ಬಂತು, 2001ರಲ್ಲಿ ಮುಚ್ಚಿತು. ಬೆಂಗಳೂರಿನ ವಿಮಾನ ಕಾರಖಾನೆಯನ್ನು 1940ರಲ್ಲಿ ಹೊರಡಿಸಿದವರು ವಾಲಚಂದ ಹಿರಾಚಂದರು. ಅವರ ಸಾಹಸ ದೊಡ್ಡದು, ಸಂಶಯವಿಲ್ಲ. ಆದರೆ ನೆಲ ಮೈಸೂರು ಸಂಸ್ಥಾನದ್ದು, ಮೊದಲ ಬಂಡವಾಳದಲ್ಲಿ ಸಂಸ್ಥಾನದ ಪಾಲೂ ಇತ್ತು. 1942ರಲ್ಲಿ ಆಡಳಿತ ಸರಕಾರದ ಕೈಗೆ ಬಂದ ಮೇಲೆ ಅದು ಮುಳುಗಲಿಲ್ಲ, ಬೆಳೆಯಿತು. ಓದುಗರ ಜೇಬಿನಲ್ಲಿರುವ ಮೊಬೈಲಿನ ಕಥೆಯೂ ಇಷ್ಟೇ. ಅದರಲ್ಲಿ ಓಡುವ ಅಂತರ್ಜಾಲದ ಬೇರು, 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಾಲ್ಕು ಸಂಸ್ಥೆಗಳ ಗಣಕಯಂತ್ರಗಳನ್ನು ಜೋಡಿಸಿದ ಪ್ರಯೋಗದಲ್ಲಿದೆ. ಲಾಭಬಡುಕರ ದೇಶವೆಂದು ಹೆಸರಾದ ಅಮೆರಿಕದಲ್ಲಿಯೇ ಮೊದಲ ಕಾಸು ಖಜಾನೆಯಿಂದ ಹೋಗಿದೆ.

ಭದ್ರಾವತಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ಮೈಸೂರು ಸಂಸ್ಥಾನ ಕಟ್ಟಿಸಿದ ಆ ಕಬ್ಬಿಣದ ಕಾರಖಾನೆಯ ನಿರ್ವಹಣೆ ಮೊದಲು ಇದ್ದದ್ದು ಟಾಟಾ ಕಂಪೆನಿಯವರ ಕೈಯಲ್ಲಿ. 1923ರಲ್ಲಿ ಕೆಲಸ ಸಂಕಟಕ್ಕೆ ಬಂದಾಗ ಸಂಸ್ಥಾನ ವಿಶ್ವೇಶ್ವರಯ್ಯನವರನ್ನು ಆಡಳಿತ ಮಂಡಳಿಯ ಅಧ್ಯಕ್ಷತೆಗೆ ಕರೆಯಿತು. ಅವರು ಅದನ್ನು ನೆಲೆಗೆ ತಂದರು. ಸರಕಾರದ ಸಂಬಳ ತಿನ್ನುವವನಿಗೆ ಕಾರಖಾನೆ ನಡೆಸಲು ಬಾರದು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಅದೇ ಕಾರಖಾನೆಯನ್ನು ಮುಚ್ಚುತ್ತೇವೆಂದು 2023ರ ಆರಂಭದಲ್ಲಿ ಒಡೆಯರಾದ ಉಕ್ಕು ಪ್ರಾಧಿಕಾರದವರು ಸಾರಿದರು. ಕಾರ್ಮಿಕರು ಬೀದಿಗೆ ಬಂದರು, ಅದೇ ವರ್ಷ ಯಂತ್ರಗಳು ಮತ್ತೆ ತಿರುಗಿದವು. ಸ್ವಂತ ಅದಿರಿನ ಗಣಿಯಿಲ್ಲದೆ ಉಕ್ಕಿನ ಕಾರಖಾನೆಯನ್ನು ವರ್ಷಗಟ್ಟಲೆ ಉಪವಾಸ ಕೆಡವಿ, ಆಮೇಲೆ ನಾಡಿಮಿಡಿತ ನೋಡಿ ‘ದುರ್ಬಲ’ ಎಂದು ಬರೆಯುವುದು ಯಾವ ವೈದ್ಯ?

ಇಲ್ಲಿ ಸಣ್ಣ ವ್ಯಾಪಾರಿ ಬಂಧುಗಳೊಡನೆ ಎರಡು ಮಾತು. ‘ಖಾಸಗಿ ಉದ್ಯಮ’ ಎಂದು ಕೇಳಿದೊಡನೆ ಮಂಡಕ್ಕಿ ಭಟ್ಟಿಯವನೂ ಕಿರಾಣಿ ಅಂಗಡಿಯವನೂ ‘ಅದು ನಾನೇ’ ಎಂದು ಎದೆಯುಬ್ಬಿಸುತ್ತಾನೆ. ಅಲ್ಲ ಸ್ವಾಮಿ. ನಿಮ್ಮನ್ನು ಲೆಕ್ಕಕ್ಕೆ ಹಿಡಿದು ಯಾರೂ ಆ ಭಾಷಣ ಮಾಡುತ್ತಿಲ್ಲ. ನಿಮ್ಮ ಭಟ್ಟಿಗೆ ಬರುವ ಭತ್ತ ಭದ್ರೆಯ ಕಾಲುವೆಯ ಭತ್ತ. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾಗಿ 1965ಕ್ಕೆ ಮುಗಿದ, 71 ಟಿ.ಎಂ.ಸಿ. ನೀರು ಹಿಡಿಯುವ ಆ ಅಣೆಕಟ್ಟಿಗೆ ಯಾವ ಸಾಹುಕಾರನೂ ಹಣ ಹಾಕಲು ಮುಂದೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಹದಿನೆಂಟು ವರ್ಷ ಬಡ್ಡಿ ಕಾಣದೆ ಕಾಯುವ ಹಣ ಸಾರ್ವಜನಿಕರದೇ ಆಗಿರಬೇಕು. ಕಾಲುವೆ ಬಂದ ಮೇಲೆ ಗದ್ದೆ, ಗದ್ದೆಯ ಹಿಂದೆ ಅಕ್ಕಿ ಗಿರಣಿ, ಭಟ್ಟಿ, ಮಂಡಿ, ಲಾರಿ, ಹೋಟೆಲು ಬಂದವು. ಇಲಾಖೆಯೂ ಅಲ್ಲದ, ಕಂಪೆನಿಯೂ ಅಲ್ಲದ ಮೂರನೆಯ ದಾರಿಯೊಂದಿದೆಯೆಂಬುದನ್ನು ಚನ್ನಗಿರಿಯ ಅಡಿಕೆ ಬೆಳೆಗಾರರು ತುಮ್ಕೋಸ್ ಸಹಕಾರ ಸಂಘ ಕಟ್ಟಿ ತೋರಿಸಿದ್ದಾರೆ. ಅದನ್ನೂ ನೋಡಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಹಿರಿಮೆಯನ್ನೆಲ್ಲ ಸರಕಾರದ ಕೊರಳಿಗೆ ಹಾರವಾಗಿ ಹಾಕುವ ವಿಚಾರ ನಮಗಿಲ್ಲ. ಖಜಾನೆಯ ಹಣ ಮಂತ್ರಿಯ ಪಿತ್ರಾರ್ಜಿತವಲ್ಲ. ಬೆಂಕಿಪೊಟ್ಟಣಕ್ಕೂ ಸೀಗೆಪುಡಿಗೂ ನಾವು ಕೊಟ್ಟ ತೆರಿಗೆಯೇ ಅಣೆಕಟ್ಟಾಯಿತು. ಮೇಲಾಗಿ, ಕಟ್ಟುವುದು ಒಂದು ಕೆಲಸ, ಕಾಯುವುದು ಇನ್ನೊಂದು. ಸೂಳೆಕೆರೆಗೆ ಸರಕಾರ ಮಾಡಿದ್ದೇನು? ನೀರು ಎತ್ತಿ ಊರೂರಿಗೆ ಕೊಳವೆ ಹಾಕಿಸಿತು, ಸಂತೋಷ. ಆದರೆ ಕೆರೆಯಲ್ಲಿ ಹೂಳು ತುಂಬುತ್ತ ಬಂತು. ಅಂಚಿನ ನೆಲ ಒತ್ತುವರಿಯಾಗಿ ತೋಟವಾಯಿತು. ಅಳತೆ ಮಾಡಿಸಿರಿ, ಗಡಿ ಗುರುತಿಸಿರಿ ಎಂದು ಊರಿನ ಯುವಕರೇ ಕಚೇರಿಗಳ ಬಾಗಿಲು ಬಡಿಯಬೇಕಾಯಿತು. ಕೆರೆ ಮುಳುಗಿಸಿದ್ದ ನೆಲವನ್ನು ಇಂಚಿಂಚಾಗಿ ಮರಳಿ ಪಡೆಯುತ್ತಿರುವವರು, ಬಿಟ್ಟುಕೊಟ್ಟ ಆ ಹೆಣ್ಣುಮಕ್ಕಳ ವಂಶದವರಲ್ಲ ಎಂಬುದು ನಿಶ್ಚಯ. ಸರಕಾರ ದೂರದ್ದು, ನಮ್ಮವರು ಅಲ್ಲಿಲ್ಲ ಎಂಬ ನೆಪವೂ ಈ ತಾಲೂಕಿಗಿಲ್ಲ. ಕಾರಿಗನೂರಿನ ಜೆ.ಎಚ್. ಪಟೇಲರು, ಸಮಾಜವಾದಿ ಗರಡಿಯಲ್ಲಿಯೇ ಬೆಳೆದವರು, 1996ರಿಂದ 1999ರ ತನಕ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ದಾವಣಗೆರೆ ಜಿಲ್ಲೆಯಾದದ್ದು ಅವರ ಕಾಲದಲ್ಲಿ, 1997ರಲ್ಲಿ.

ಇನ್ನು ಹೆಸರಿನ ವಿಷಯ. ಸರಕಾರಿ ಕಾಗದಗಳಲ್ಲಿ ಈ ಕೆರೆ ‘ಶಾಂತಿಸಾಗರ’. ಶಾಂತವ್ವನ ನೆನಪು ಉಳಿಯಬೇಕೆಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ಜಾಗ ಕೊಟ್ಟವರು ಕೇಳಿದ ಬೆಲೆ ಒಂದೇ, ಆ ಹೆಸರು. ಅದನ್ನು ಸಭ್ಯತೆಯ ನೆಪದಲ್ಲಿ ಅಳಿಸಿದರೆ ಬೆಲೆ ಕೊಡದೆ ಭೂಮಿ ಇಟ್ಟುಕೊಂಡಂತೆ ಆಯಿತು. ಶಂಕುಸ್ಥಾಪನೆಯ ಕಲ್ಲಿನಲ್ಲಿ ಕೂಲಿಯವನ ಹೆಸರು ಬಿಟ್ಟುಹೋಗುವುದಕ್ಕೂ, ಕಂಪೆನಿಯ ಚರಿತ್ರೆಯಲ್ಲಿ ಗಿರಣಿಯವನ ಹೆಸರು ಬಿಟ್ಟುಹೋಗುವುದಕ್ಕೂ, ಇದಕ್ಕೂ ನಮಗೆ ವ್ಯತ್ಯಾಸ ಕಾಣುವುದಿಲ್ಲ.

ಆದ್ದರಿಂದ ಕೆರೆಯ ಸುತ್ತಲಿನ ಪಂಚಾಯತಿಗಳ ಮುಂದೆ ನಮ್ಮ ಬೇಡಿಕೆ ಇಷ್ಟು. ಅಳತೆಯ ನಕ್ಷೆಯನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಒತ್ತುವರಿಯನ್ನು ಬಿಡಿಸುವಾಗ ದೊಡ್ಡ ತೋಟದಿಂದ ಆರಂಭಿಸಬೇಕು, ಅರ್ಧ ಎಕರೆಯ ಬಡವನಿಂದಲ್ಲ. ಹೂಳು ತೆಗೆಸುವ ಲೆಕ್ಕವನ್ನು ಗುತ್ತಿಗೆದಾರನ ಚೀಟಿಯ ಮೇಲೆ ನಂಬದೆ ಊರವರು ಎಣಿಸಬೇಕು. ಏರಿಯ ಮೇಲಿನ ಫಲಕದಲ್ಲಿ ಸೂಳೆಕೆರೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಫಲಕಕ್ಕೆ ಇಲಾಖೆಯ ಬಳಿ ಹಣವಿಲ್ಲವಾದರೆ ಬಣ್ಣದ ಡಬ್ಬವನ್ನೂ ಕುಂಚವನ್ನೂ ನಾವೇ ತರುತ್ತೇವೆ. ಗಡಿಕಲ್ಲುಗಳನ್ನು ಮಾತ್ರ ಸರಕಾರವೇ ನೆಡಬೇಕು.